ಕಿಸಿಲ್ಯೆವೊದ ಮಹಜರು: ಒಂದು ಹೆಣ, ಒಂದು ಹಳ್ಳಿ, ಒಬ್ಬ ಅಮಲ್ದಾರ

ಗಂಡ ಸತ್ತು ಮಣ್ಣಾದ ಮೇಲೆ ಮನೆಗೆ ಬಂದ. ಬಂದವನು ತನ್ನ ಒಪಾಂಕಿ ಕೇಳಿದ. ಒಪಾಂಕಿ ಎಂದರೆ ಸೆರ್ಬಿಯಾದ ರೈತರು ಹಾಕಿಕೊಳ್ಳುತ್ತಿದ್ದ, ಮುಂಗಾಲಿನ ತುದಿ ಮೇಲಕ್ಕೆ ಬಾಗಿದ ಚರ್ಮದ ಮೆಟ್ಟು. ಹೆಂಡತಿ ಈ ಮಾತನ್ನು ಊರವರಿಗೆ ಹೇಳಿದಳು. ಹೇಳಿ, ಊರನ್ನೇ ಬಿಟ್ಟು ಬೇರೊಂದು ಹಳ್ಳಿಗೆ ಹೊರಟುಹೋದಳು. ಮೆಟ್ಟು ಕೊಟ್ಟಳೋ ಇಲ್ಲವೋ ಕಡತದಲ್ಲಿಲ್ಲ.

ಹೌದು, ಕಡತ. ಇದು ದೀಪ ಆರಿಸಿ ಹೇಳುವ ಕತೆಯಲ್ಲ. 1725ರಲ್ಲಿ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ಚಕ್ರವರ್ತಿಯ ಖಜಾನೆ ಇಲಾಖೆಯ ಒಬ್ಬ ಅಧಿಕಾರಿ ಬೆಲ್‌ಗ್ರೇಡಿನ ತನ್ನ ಮೇಲಿನವರಿಗೆ ಬರೆದ ವರದಿ. ಊರು ಕಿಸಿಲ್ಯೆವೊ. ಸತ್ತವನು ಪೇಟರ್ ಬ್ಲಾಗೊಯೆವಿಚ್. ಜರ್ಮನ್ ಬರೆಯುವ ಕೈಯಲ್ಲಿ ಅವನ ಹೆಸರು 'ಪ್ಲೊಗೊಯೊವಿಟ್ಸ್' ಆಗಿದೆ, ಊರು 'ಕಿಸೊಲೊವಾ' ಆಗಿದೆ. ಅಧಿಕಾರಿಯ ಹೆಸರು ಫ್ರೊಂಬಾಲ್ಡ್. 'ವ್ಯಾಂಪೈರ್' ಎಂದು ಇವತ್ತು ಲೋಕವೆಲ್ಲ ಆಡುವ ಮಾತು ಪಶ್ಚಿಮ ಯುರೋಪಿನ ಪತ್ರಿಕೆಗಳ ಬಾಯಿಗೆ ಬಿದ್ದದ್ದು ಹೆಚ್ಚುಕಡಿಮೆ ಈ ವರದಿಯಿಂದಲೇ. ಡ್ರಾಕುಲಾ ಕಾದಂಬರಿ ಬರುವುದಕ್ಕೆ ಇನ್ನೂ 172 ವರ್ಷ ಬಾಕಿಯಿತ್ತು.

ರಕ್ತ ಹೀರುವ ಹೆಣದ ವಿಷಯ ಎಂದರೆ ಎಲ್ಲರೂ ಹೆಣವನ್ನೇ ನೋಡುತ್ತಾರೆ. ನಾನು ಈ ವರದಿಯನ್ನು ಮತ್ತೆ ಮತ್ತೆ ಓದಿದಾಗ ಕಣ್ಣು ಹೋದದ್ದು ಊರಿನ ಕಡೆಗೆ. ಕೆಲವೇ ಮನೆಗಳ ರೈತರು ಒಂದು ಸಾಮ್ರಾಜ್ಯದ ಅಧಿಕಾರಿಯ ಮುಂದೆ ನಿಂತು 'ನೀನು ಏನಾದರೂ ಮಾಡಿಕೋ' ಅನ್ನುತ್ತಾರೆ, ಅಧಿಕಾರಿ ಬಗ್ಗುತ್ತಾನೆ. ಅದು ಹೇಗೆ ಸಾಧ್ಯವಾಯಿತು ಎನ್ನುವುದೇ ಈ ಪ್ರಕರಣದ ಪ್ರಶ್ನೆ. ಅದಕ್ಕೆ ಮೊದಲು ಊರು ಎಲ್ಲಿದೆ ಎಂದು ನೋಡಬೇಕು.

ನದಿಯ ತೋಳಿನ ಪಕ್ಕ

ಡ್ಯಾನ್ಯೂಬ್ ನದಿ ಬೆಲ್‌ಗ್ರೇಡ್ ದಾಟಿ ಪೂರ್ವಕ್ಕೆ ಹರಿಯುತ್ತ, ಕಾರ್ಪೇಥಿಯನ್ ಬೆಟ್ಟಗಳ ಸಂದಿಗೆ ನುಗ್ಗುವ ಮುಂಚೆ ಸ್ವಲ್ಪ ದೂರ ಬಯಲಿನಲ್ಲಿ ಸೋಮಾರಿಯಾಗಿ ಕವಲೊಡೆಯುತ್ತದೆ. ಆ ಬಯಲಿನ ಬಲದಂಡೆಯಲ್ಲಿ, ಇಂದಿನ ಬ್ರಾನಿಚೆವೊ ಜಿಲ್ಲೆಯ ವೆಲಿಕೊ ಗ್ರಾದಿಶ್ತೆ ಪಟ್ಟಣಕ್ಕೆ ಸೇರಿದ ಹಳ್ಳಿ ಕಿಸಿಲ್ಯೆವೊ. ನದಿಯ ಮುಖ್ಯ ಹರಿವಿನ ಆಚೆ ದಡ ಈಗ ರುಮೇನಿಯಾ. ಊರಿಗೆ ಹತ್ತಿರದಲ್ಲಿ ಹರಿಯುತ್ತಿದ್ದದ್ದು ಡ್ಯಾನ್ಯೂಬಿನ ಒಂದು ತೋಳು. ತೋಳಿಗೂ ದೊಡ್ಡ ಹೊಳೆಗೂ ನಡುವೆ ಒಂದು ನಡುಗಡ್ಡೆ. 1971ರಲ್ಲಿ ಆ ತೋಳಿನ ಎರಡೂ ತುದಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಸುಮಾರು 14 ಕಿಲೋಮೀಟರ್ ಉದ್ದದ ಆ ನೀರಿಗೆ ಈಗ 'ಸ್ರೆಬ್ರ್ನೊ ಯೆಜೆರೊ', ಬೆಳ್ಳಿಕೆರೆ, ಎಂದು ಹೆಸರು. ಬೇಸಿಗೆಯಲ್ಲಿ ಈಜುವವರು, ಗಾಳ ಹಾಕುವವರು ಅಲ್ಲಿ ತುಂಬಿರುತ್ತಾರೆ.

ನೆಲ ಒಂದೇ ಬಗೆಯದಲ್ಲ. ಒಳಗೆ ಸ್ತೀಗ್ ಎಂಬ ಬಯಲು, ಮೆಕ್ಕೆಜೋಳಕ್ಕೂ ಗೋಧಿಗೂ ಹೇಳಿಮಾಡಿಸಿದ ಕಪ್ಪುಮಣ್ಣು. ನದಿಯಂಚಿನಲ್ಲಿ ರಾಮ್ ಕೋಟೆಯಿಂದ ಗೊಲುಬಾತ್ಸ್ ಕೋಟೆಯವರೆಗೆ ಅಲ್ಲಲ್ಲಿ ಮರಳಿನ ಪಟ್ಟಿ. ಶರತ್ಕಾಲದಿಂದ ವಸಂತದವರೆಗೆ 'ಕೋಶಾವಾ' ಎಂಬ ಆಗ್ನೇಯದ ಗಾಳಿ ನದಿಯ ಕಣಿವೆಯಿಂದ ನುಗ್ಗಿ ದಿನಗಟ್ಟಲೆ ಬೀಸುತ್ತದೆ. ಮೂಳೆಗೆ ತಾಗುವ ಚಳಿಗಾಳಿ. ಅಂದ ಹಾಗೆ, ರಾಮ್ ಎಂದರೆ ನಮ್ಮ ರಾಮನಲ್ಲ. 1483ರಲ್ಲಿ ತುರ್ಕಿ ಸುಲ್ತಾನ ಎರಡನೇ ಬಾಯಜೀದ್ ತೋಪು ಹಾರಿಸುವುದಕ್ಕೆಂದೇ ಕಟ್ಟಿಸಿದ ಕೋಟೆ ಅದು. ಫ್ರೊಂಬಾಲ್ಡ್ ತನ್ನ ವರದಿಯಲ್ಲಿ ಕಿಸಿಲ್ಯೆವೊವನ್ನು 'ರಾಮ್ ಜಿಲ್ಲೆ'ಯ ಊರು ಎಂದೇ ಕರೆಯುತ್ತಾನೆ.

ಕೋಟೆಗಳ ಈ ಸಾಲು ನೋಡಿದರೆ ಸಾಕು, ಊರಿನ ಚರಿತ್ರೆ ಅರ್ಧ ಗೊತ್ತಾಗುತ್ತದೆ. ಪಶ್ಚಿಮಕ್ಕೆ, ಇವತ್ತಿನ ಕೊಸ್ತೊಲಾತ್ಸ್ ಬಳಿ, ರೋಮನ್ನರ ಏಳನೇ ಕ್ಲಾಡಿಯಾ ದಂಡು ಬೀಡುಬಿಟ್ಟಿದ್ದ ವಿಮಿನಾಕಿಯುಂ. ಗ್ರಾದಿಶ್ತೆಯೇ ರೋಮನ್ನರ ಪಿಂಕುಂ, ಪೆಕ್ ಎಂಬ ಚಿಕ್ಕ ನದಿ ಡ್ಯಾನ್ಯೂಬ್ ಸೇರುವ ಬಾಯಿ. ಡ್ಯಾನ್ಯೂಬ್ ಯಾವ ಕಾಲದಲ್ಲೂ ಬರಿಯ ನದಿಯಾಗಿರಲಿಲ್ಲ, ಯಾರದೋ ಗಡಿಯಾಗಿತ್ತು. ಗಡಿಯ ಊರಿಗೆ ದಂಡು ಬರುವುದೂ ಗೊತ್ತು, ದಂಡು ಬಂದಾಗ ಗಂಟುಮೂಟೆ ಕಟ್ಟುವುದೂ ಗೊತ್ತು.

ಏಳು ವರ್ಷದ ಸರ್ಕಾರ

1459ರಲ್ಲಿ ಸ್ಮೆದೆರೆವೊ ಕೋಟೆ ಬಿದ್ದ ಮೇಲೆ ಸೆರ್ಬಿಯಾ ತುರ್ಕರ ಕೈಗೆ ಹೋಯಿತು. ಎರಡೂವರೆ ಶತಮಾನ ಕಳೆದ ಮೇಲೆ, 1717ರಲ್ಲಿ, ಸವೋಯ್‌ನ ರಾಜಕುಮಾರ ಯೂಜೀನ್ ಬೆಲ್‌ಗ್ರೇಡನ್ನು ಗೆದ್ದ. ಮರುವರ್ಷ ಜುಲೈ 21ರಂದು ಪೊಜಾರೆವಾತ್ಸ್‌ನಲ್ಲಿ ಒಪ್ಪಂದವಾಗಿ ಉತ್ತರ ಸೆರ್ಬಿಯಾ ಹಾಬ್ಸ್‌ಬರ್ಗರ ಪಾಲಾಯಿತು. ಪೊಜಾರೆವಾತ್ಸ್ ಕಿಸಿಲ್ಯೆವೊಗೆ ಸಮೀಪದ ದೊಡ್ಡ ಪೇಟೆ. ಅಂದರೆ ಈ ರೈತರ ದೊರೆ ಯಾರು ಎಂದು ಅವರ ಹಿತ್ತಲಿನಲ್ಲೇ, ಅವರನ್ನು ಕೇಳದೆ, ತೀರ್ಮಾನವಾಯಿತು.

ಹೊಸ ದೊರೆಗೆ ಸಿಕ್ಕದ್ದು ಯುದ್ಧದಲ್ಲಿ ಬರಿದಾದ ನೆಲ. ಹೊಲವಿದೆ, ಉಳುವವರಿಲ್ಲ. 1690ರಲ್ಲೇ ಪೇಚ್‌ನ ಧರ್ಮಗುರು ಮೂರನೇ ಆರ್ಸೆನಿಯೆ ಸಾವಿರಾರು ಸೆರ್ಬ್ ಕುಟುಂಬಗಳನ್ನು ಕಟ್ಟಿಕೊಂಡು ಡ್ಯಾನ್ಯೂಬ್ ದಾಟಿ ಹಂಗೇರಿಯ ಕಡೆಗೆ ಹೋಗಿದ್ದ. ಮತ್ತೆ 1716ರಿಂದ ಎರಡು ವರ್ಷ ಯುದ್ಧ. ಉಳಿದ ಒಕ್ಕಲುಗಳೇ ಖಜಾನೆಗೆ ಆಸ್ತಿ. ಬೆಲ್‌ಗ್ರೇಡಿನಲ್ಲಿ ಒಂದು 'ಆಡಳಿತ' ಕೂತಿತು. 1720ರಿಂದ ವುರ್ಟೆಂಬೆರ್ಗ್‌ನ ರಾಜಕುಮಾರ ಕಾರ್ಲ್ ಅಲೆಕ್ಸಾಂಡರ್ ಅದರ ಮುಖ್ಯಸ್ಥ. ಜಿಲ್ಲೆ ಜಿಲ್ಲೆಗೆ ಖಜಾನೆಯ ಅಧಿಕಾರಿಗಳನ್ನು ಕಳಿಸಿದರು. ಫ್ರೊಂಬಾಲ್ಡ್ ಅಂಥವನೊಬ್ಬ, ಗ್ರಾದಿಶ್ತೆಯಲ್ಲಿ ಕೂತವನು. ಅವನ ಹುದ್ದೆಯ ಹೆಸರು 'ಕಾಮೆರಾಲ್ ಪ್ರೊವಿಸರ್'. ನಮ್ಮ ಹಳೆಯ ಕಂದಾಯದ ಮಾತಿನಲ್ಲಿ ಹೇಳುವುದಾದರೆ ಅಮಲ್ದಾರ. ಅವನು ವೈದ್ಯನಲ್ಲ, ಪಾದ್ರಿಯಲ್ಲ, ನ್ಯಾಯಾಧೀಶನೂ ಅಲ್ಲ. ಹೆಣ ಕಿತ್ತು ನೋಡುವುದು ಅವನ ಕೆಲಸದಲ್ಲಿ ಬರುವಂಥದ್ದೇ ಅಲ್ಲ.

ಅವನು ಜರ್ಮನ್, ಕ್ಯಾಥೊಲಿಕ್ ದೊರೆಯ ನೌಕರ. ಊರವರು ಸೆರ್ಬರು, ಆರ್ಥೊಡಾಕ್ಸ್ ಕ್ರೈಸ್ತರು. ಆಗಿನ ಜರ್ಮನ್ನರು ಸೆರ್ಬರನ್ನು 'ರಾಟ್ಸ್' ಎನ್ನುತ್ತಿದ್ದರು. ಸೆರ್ಬರ ಹಳೆಯ ರಾಜ್ಯದ ನಡುಮನೆಯಾದ ರಾಷ್ಕ ಸೀಮೆಯ ಹೆಸರಿನಿಂದ ಬಂದ ಮಾತು. ಪೇಟರನನ್ನು 'ರಾಟ್ಸ್ ರೀತಿಯಲ್ಲಿ' ಮಣ್ಣು ಮಾಡಿದರು ಎಂದು ವರದಿ ಮೊದಲ ಸಾಲಿನಲ್ಲೇ ಹೇಳುತ್ತದೆ. ಬರೆಯುವವನು ಎಷ್ಟು ದೂರದಲ್ಲಿ ನಿಂತು ನೋಡುತ್ತಿದ್ದಾನೆ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ.

ವರದಿ ಹೇಳುವುದು

ಪೇಟರ್ ಸತ್ತು ಹತ್ತು ವಾರವಾಗಿತ್ತು. ಆಮೇಲೆ ಊರಿನಲ್ಲಿ ಎಂಟು ದಿನದೊಳಗೆ ಒಂಬತ್ತು ಜನ ಸತ್ತರು, ಮುದುಕರೂ ಹರೆಯದವರೂ ಸೇರಿ. ಪ್ರತಿಯೊಬ್ಬರ ಕಾಯಿಲೆಯೂ ಇಪ್ಪತ್ತನಾಲ್ಕು ಗಂಟೆಯದು. ಸಾಯುವ ಮುಂಚೆ ಹಾಸಿಗೆಯಲ್ಲಿ ಎಲ್ಲರ ಎದುರಿಗೇ ಹೇಳಿದರಂತೆ: ಪೇಟರ್ ನಿದ್ದೆಯಲ್ಲಿ ಬಂದ, ಮೈಮೇಲೆ ಮಲಗಿದ, ಕುತ್ತಿಗೆ ಹಿಸುಕಿದ, ನಾವಿನ್ನು ಉಳಿಯುವುದಿಲ್ಲ.

ಮೊದಲೇ ಕಂಗಾಲಾಗಿದ್ದ ಊರಿಗೆ ಹೆಂಡತಿಯ ಮೆಟ್ಟಿನ ಮಾತು ಸಾಕ್ಷಿಯಾಯಿತು. ಊರವರು ಇಂಥವರನ್ನು 'ವಾಂಪೀರಿ' ಎನ್ನುತ್ತಾರೆ, ಅಂಥವರ ಹೆಣ ಕೊಳೆಯುವುದಿಲ್ಲ, ಚರ್ಮ ಕೂದಲು ಗಡ್ಡ ಉಗುರು ಬೆಳೆಯುತ್ತಲೇ ಇರುತ್ತವೆ ಎಂದು ಫ್ರೊಂಬಾಲ್ಡ್ ಬರೆಯುತ್ತಾನೆ. ಊರೆಲ್ಲ ಒಂದಾಗಿ, ಸಮಾಧಿ ತೆಗೆದು ಆ ಗುರುತು ಇದೆಯೋ ನೋಡೋಣ ಎಂದು ತೀರ್ಮಾನಿಸಿತು. ಗ್ರಾದಿಶ್ತೆಗೆ ಬಂದರು. ಅಧಿಕಾರಿಯೂ ಅಲ್ಲಿನ ಪೊಪನೂ (ಆರ್ಥೊಡಾಕ್ಸ್ ಪೂಜಾರಿಗೆ ಸೆರ್ಬರ ಮಾತು ಅದು) ಎದುರಿಗೆ ಇರಬೇಕು ಎಂದು ಕೇಳಿಕೊಂಡರು.

ಫ್ರೊಂಬಾಲ್ಡ್ ಎಲ್ಲ ಕಾಲದ ಎಲ್ಲ ಗುಮಾಸ್ತರೂ ಹೇಳುವುದನ್ನೇ ಹೇಳಿದ: ಇದು ಸರಿಯಲ್ಲ, ಮೊದಲು ಬೆಲ್‌ಗ್ರೇಡಿಗೆ ಬರೆಯುತ್ತೇನೆ, ಅಲ್ಲಿಂದ ಅಪ್ಪಣೆ ಬರಲಿ. ರೈತರ ಉತ್ತರವನ್ನು ಅವನೇ 'ಚಿಕ್ಕ ಉತ್ತರ' ಎಂದು ಕರೆದು ದಾಖಲಿಸಿದ್ದಾನೆ. ಅದರ ಸಾರ ಇಷ್ಟು: ನೀವು ಏನು ಬೇಕಾದರೂ ಮಾಡಿಕೊಳ್ಳಿ. ನೋಡಿ, ವಿಚಾರಿಸಿ, ಆ ಹೆಣವನ್ನು ನಮ್ಮ ರೂಢಿಯ ಹಾಗೆ ಮಾಡಲು ಬಿಡದಿದ್ದರೆ ನಾವು ಮನೆಮಾರು ಬಿಟ್ಟು ಹೋಗಬೇಕಾಗುತ್ತದೆ. ಬೆಲ್‌ಗ್ರೇಡಿನಿಂದ ಹುಕುಂ ಬರುವಷ್ಟರಲ್ಲಿ ಊರಿಗೆ ಊರೇ ಸಾಯಬಹುದು. ತುರ್ಕರ ಕಾಲದಲ್ಲಿ ಹಾಗೆ ಆಗಿದೆ. ಅದಕ್ಕೆ ನಾವು ಕಾಯುವುದಿಲ್ಲ.

ಒಳ್ಳೆಯ ಮಾತಿಗೂ ಬಗ್ಗಲಿಲ್ಲ, ಬೆದರಿಕೆಗೂ ಬಗ್ಗಲಿಲ್ಲ. ಗ್ರಾದಿಶ್ತೆಯ ಪೊಪನನ್ನು ಕರೆದುಕೊಂಡು ಫ್ರೊಂಬಾಲ್ಡ್ ಕಿಸಿಲ್ಯೆವೊಗೆ ಹೊರಟ. ಅವನು ತಲುಪುವಷ್ಟರಲ್ಲಿ ಹೆಣ ಆಗಲೇ ಮೇಲಕ್ಕೆ ಬಂದಿತ್ತು.

ಮುಂದೆ ಮಹಜರು. ಹೆಣದಿಂದಾಗಲಿ ಗುಂಡಿಯಿಂದಾಗಲಿ ಕೊಂಚವೂ ನಾತವಿಲ್ಲ. ಮೂಗು ಬಿದ್ದುಹೋಗಿದೆ, ಉಳಿದದ್ದೆಲ್ಲ ತಾಜಾ. ಕೂದಲು ಗಡ್ಡ ಬೆಳೆದಿವೆ. ಹಳೆಯ ಉಗುರು ಉದುರಿ ಹೊಸದು ಬಂದಿದೆ. ಬಿಳಿಚಿಕೊಂಡ ಹಳೆಯ ಚರ್ಮ ಸುಲಿದು ಅಡಿಯಲ್ಲಿ ಹೊಸ ಚರ್ಮ ಕಾಣುತ್ತಿದೆ. ಮುಖ, ಕೈ, ಕಾಲು ಬದುಕಿದ್ದಾಗಲೂ ಇದಕ್ಕಿಂತ ಚೆನ್ನಾಗಿರಲಾರವು. ಬಾಯಿಯಲ್ಲಿ ಸ್ವಲ್ಪ ಹಸಿರಕ್ತ. ಅದನ್ನು ಕಂಡು ತನಗೆ ಬೆರಗಾಯಿತು ಎಂದು ಅಧಿಕಾರಿ ಒಪ್ಪಿಕೊಳ್ಳುತ್ತಾನೆ. ಅದು ಅವನು ಕೊಂದವರಿಂದ ಹೀರಿದ ರಕ್ತ ಎಂದು ಜನ ಆಡಿಕೊಳ್ಳುತ್ತಿದ್ದರು.

ಜನರಿಗೆ ಹೆದರಿಕೆಗಿಂತ ಸಿಟ್ಟು ಏರಿತು. ಕ್ಷಣದಲ್ಲಿ ಒಂದು ಗೂಟ ಚೂಪು ಮಾಡಿ ಎದೆಗೆ ಇಟ್ಟು ಹೊಡೆದರು. ರಕ್ತ ಹರಿಯಿತು, ಕಿವಿಯಿಂದ, ಬಾಯಿಯಿಂದ. ಇನ್ನೂ ಕೆಲವು 'ಕಾಡು ಗುರುತು'ಗಳು ಕಂಡವಂತೆ, ಮೇಲಿನವರ ಮೇಲಿನ ಗೌರವದಿಂದ ಅವನ್ನು ಬರೆಯುವುದಿಲ್ಲ ಎನ್ನುತ್ತಾನೆ ಅಮಲ್ದಾರ. (ಗಂಡಸಿನ ಹೆಣ ಉಬ್ಬಿದಾಗ ಎಲ್ಲಿ ಏನಾಗುತ್ತದೆ ಎಂದು ಶವಾಗಾರದಲ್ಲಿ ಕೆಲಸ ಮಾಡಿದವರಿಗೆ ಗೊತ್ತು.) ಕೊನೆಗೆ ಹೆಣವನ್ನು ಸುಟ್ಟು ಬೂದಿ ಮಾಡಿದರು.

ಕೊನೆಯ ಸಾಲು ಹುದ್ದೆಯಲ್ಲಿರುವ ಯಾರೇ ಬರೆದಿದ್ದರೂ ಹೀಗೇ ಇರುತ್ತಿತ್ತು: ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದನ್ನು ನನ್ನ ತಲೆಗೆ ಕಟ್ಟಬೇಡಿ, ಭಯದಿಂದ ಮೈಮರೆತ ಆ ಜನಜಂಗುಳಿಯ ತಲೆಗೆ ಕಟ್ಟಿ.

ಹೆಣದ ಲೆಕ್ಕ

ಹೆಣದ ಮಟ್ಟಿಗೆ ಹೇಳುವುದು ಬಹಳವಿಲ್ಲ. ಫ್ರೊಂಬಾಲ್ಡ್ ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದ. ಆದರೆ ಹತ್ತು ವಾರದ ಹೆಣ ಹೇಗಿರಬೇಕು ಎಂದು ಅವನಿಗೆ ಗೊತ್ತಿರಲಿಲ್ಲ, ರೈತರಿಗೂ ಗೊತ್ತಿರಲಿಲ್ಲ. ಯಾರು ತಾನೇ ತೆಗೆದು ನೋಡಿರುತ್ತಾರೆ? ತಂಪು ಮಣ್ಣಿನಲ್ಲಿ, ಗಾಳಿಯಾಡದ ಆಳದಲ್ಲಿ ಹೆಣ ನಿಧಾನವಾಗಿ ಕೊಳೆಯುತ್ತದೆ. ಮೇಲ್ಪದರದ ಚರ್ಮ ಜಾರಿ ಸುಲಿದುಹೋಗುತ್ತದೆ, ಕೆಳಗಿನ ಕೆಂಪು ಪದರ ಹೊಸ ಚರ್ಮದ ಹಾಗೆ ಕಾಣುತ್ತದೆ. ಉಗುರು ಉದುರಿ, ಅದರಡಿಯ ಹಾಸು ಹೊಸ ಉಗುರಿನಂತೆ ಹೊಳೆಯುತ್ತದೆ. ಮುಖದ ಚರ್ಮ ಒಣಗಿ ಹಿಂದಕ್ಕೆ ಸರಿದರೆ ಗಡ್ಡ ಬೆಳೆದಂತೆ ಕಾಣುತ್ತದೆ. ಹೊಟ್ಟೆಯೊಳಗೆ ಗಾಳಿ ತುಂಬಿ ಉಬ್ಬಿದಾಗ, ಕರಗಿದ ರಕ್ತದ ಬಣ್ಣದ ದ್ರವ ಪುಪ್ಪುಸದಿಂದ ಬಾಯಿಗೂ ಮೂಗಿಗೂ ನುಗ್ಗುತ್ತದೆ. ಅಂಥ ಎದೆಗೆ ಗೂಟ ಹೊಡೆದರೆ ಒತ್ತಡಕ್ಕೆ ಇನ್ನಷ್ಟು ಚಿಮ್ಮುತ್ತದೆ. ಬಾಡಿಹೋಗಿದ್ದವನು ಕೊಬ್ಬಿದ ಹಾಗೆ ಕಾಣುವುದೂ ಆ ಗಾಳಿಯಿಂದಲೇ.

ಒಂಬತ್ತು ಜನರನ್ನು ಕೊಂದದ್ದು ಯಾವ ರೋಗ? ಜ್ವರವೇ, ಕೆಮ್ಮೇ, ವಾಂತಿಯೇ ಎಂದು ವರದಿಯಲ್ಲಿ ಒಂದು ಅಕ್ಷರವಿಲ್ಲ. ಎದೆಯ ಮೇಲೆ ಭಾರ, ಕುತ್ತಿಗೆ ಹಿಸುಕಿದಂತೆ ಉಸಿರುಗಟ್ಟುವುದು, ನಿದ್ದೆಯಲ್ಲಿ ಯಾರೋ ಮೇಲೆ ಬಂದು ಕೂತಂತಾಗುವುದು: ಇಷ್ಟು ಮಾತ್ರ ಸಿಗುತ್ತದೆ. ನಿದ್ದೆ ಎಚ್ಚರದ ನಡುವೆ ಮೈ ಕಟ್ಟಿಹೋಗುವ ಅನುಭವ ಜಗತ್ತಿನಲ್ಲೆಲ್ಲ ಇದೆ. ಸೆರ್ಬರು ಅದನ್ನು ತರುವವಳಿಗೆ 'ಮೋರಾ' ಎಂದು ಹೆಸರಿಟ್ಟಿದ್ದರು. ಇಲ್ಲಿ ಮೋರಾಳ ಜಾಗಕ್ಕೆ ಪೇಟರ್ ಬಂದ. ಒಬ್ಬರು ಅವನ ಹೆಸರು ಹೇಳಿದ ಮೇಲೆ ಮುಂದಿನವರಿಗೆ ಬೇರೆ ಯಾರು ತಾನೇ ಕನಸಿಗೆ ಬರಬೇಕು!

ಇನ್ನೊಂದು ಸಂಗತಿ. ಸಾಯುತ್ತಿದ್ದವರಲ್ಲಿ ಒಬ್ಬರೂ ಪೇಟರ್ ರಕ್ತ ಕುಡಿದ ಎನ್ನಲಿಲ್ಲ. ಕಚ್ಚಿದ ಗುರುತಿನ ಮಾತಿಲ್ಲ, ಹಲ್ಲಿನ ಮಾತಿಲ್ಲ. ರಕ್ತ ಬರುವುದು ಹೆಣದ ಬಾಯಿ ನೋಡಿದ ಮೇಲೆ, ಅದೂ 'ಜನ ಹೇಳುವಂತೆ' ಎನ್ನುವ ಒಂದೇ ವಾಕ್ಯದಲ್ಲಿ. ಇವತ್ತು ಸಿನಿಮಾ ಪರದೆಯ ಮೇಲೆ ಕಾಣುವ ಆಸಾಮಿ ಹುಟ್ಟಿದ್ದು ಆ ಒಂದು ವಾಕ್ಯದಿಂದ ಎಂದರೂ ನಡೆಯುತ್ತದೆ. ಕಿಸಿಲ್ಯೆವೊದ ಪೇಟರ್ ಹಿಸುಕುವವನು, ಬರಿಗಾಲಿನಲ್ಲಿದ್ದವನು.

ರೂಢಿ ಎಂಬ ಕಾನೂನು

'ನಮ್ಮ ರೂಢಿಯ ಹಾಗೆ' ಎಂದರು ರೈತರು. ಅದು ಎಷ್ಟು ಹಳೆಯ ರೂಢಿ? 1349ರಲ್ಲಿ ಸೆರ್ಬ್ ಚಕ್ರವರ್ತಿ ಸ್ಟೆಫಾನ್ ದೂಶಾನ್ ಹೊರಡಿಸಿದ ಕಾನೂನು ಸಂಹಿತೆಯ 20ನೇ ವಿಧಿ ಹೀಗೆನ್ನುತ್ತದೆ: ಮಾಟದ ಹೆಸರಿನಲ್ಲಿ ಜನರನ್ನು ಸಮಾಧಿಯಿಂದ ತೆಗೆದು ಸುಟ್ಟರೆ, ಹಾಗೆ ಮಾಡಿದ ಹಳ್ಳಿ ಕೊಲೆಯ ದಂಡ ತೆರಬೇಕು, ಪೊಪ ಅಲ್ಲಿಗೆ ಹೋಗಿದ್ದರೆ ಅವನ ಪೌರೋಹಿತ್ಯ ಕಿತ್ತುಕೊಳ್ಳಬೇಕು. ಕಿಸಿಲ್ಯೆವೊಗೆ 376 ವರ್ಷ ಮೊದಲಿನ ಮಾತು. ಆಗಲೂ ಅದನ್ನು ಮಾಡುತ್ತಿದ್ದದ್ದು ಒಬ್ಬ ಮಂತ್ರವಾದಿಯಲ್ಲ, ಇಡೀ ಹಳ್ಳಿ. ಅದಕ್ಕೇ ದಂಡವೂ ಹಳ್ಳಿಗೆ. ಪೊಪ ಹೋಗಿ ನಿಲ್ಲುವುದೂ ಆಗಲೇ ಇತ್ತು, ಇಲ್ಲದಿದ್ದರೆ ಅವನಿಗೆಂದು ಬೇರೆ ಶಿಕ್ಷೆ ಬರೆಯಬೇಕಿರಲಿಲ್ಲ. ಗ್ರಾದಿಶ್ತೆಯ ಪೊಪ ಹೆಣದ ಪಕ್ಕ ನಿಂತಾಗ ಈ ವಿಧಿ ಯಾರ ನೆನಪಿನಲ್ಲಿತ್ತೋ!

ಹೆಣ ಸುಡುವುದು ನಮಗೆ ದಿನನಿತ್ಯದ ಮಾತು, ಅದರಲ್ಲಿ ಭಯವಿಲ್ಲ. ಈ ಭಾಗವನ್ನು ಓದುವಾಗ ಕನ್ನಡದ ಓದುಗ ಎಡವುವುದು ಅಲ್ಲೇ. ಆರ್ಥೊಡಾಕ್ಸ್ ಕ್ರೈಸ್ತರಿಗೆ ದೇಹ ಮಣ್ಣಿನಲ್ಲಿರಬೇಕು, ಕೊನೆಯ ದಿನ ಏಳುವುದಕ್ಕೆ. ಸುಟ್ಟರೆ ಅವನನ್ನು ಸತ್ತವರ ಸಾಲಿನಿಂದಲೇ ಹೊರಗೆ ಹಾಕಿದಂತೆ. ತಮ್ಮ ನಡುವೆ ಬೆಳೆದ, ತಮ್ಮೊಡನೆ ಉತ್ತು ಬಿತ್ತಿದ ಒಬ್ಬನಿಗೆ ಊರು ಹಾಗೆ ಮಾಡಿತು. ಸೌದೆ ಒಟ್ಟಿ ಹೆಣವನ್ನು ಬೂದಿಯಾಗುವವರೆಗೆ ಸುಡುವುದು ಎಷ್ಟು ಹೊತ್ತಿನ ಕೆಲಸ ಎಂದು ನಮಗೆ ಗೊತ್ತು. ಗೂಟ ಹೊಡೆಯುವುದು ಆವೇಶದಲ್ಲಿ ಆಗಿಹೋಗುತ್ತದೆ. ಸುಡುವುದಕ್ಕೆ ಆವೇಶ ಸಾಲದು, ಒಪ್ಪಂದ ಬೇಕು.

ಸತ್ತವನನ್ನು ಸಮಾಧಾನದಲ್ಲಿ ಇಟ್ಟುಕೊಳ್ಳಲು ಸೆರ್ಬರಿಗೆ ಸಾಕಷ್ಟು ಕ್ರಮಗಳಿದ್ದವು, ಈಗಲೂ ಇವೆ. ನಲವತ್ತನೆಯ ದಿನ, ಅರ್ಧ ವರ್ಷ, ವರ್ಷ ಎಂದು ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚುತ್ತಾರೆ, ಬೇಯಿಸಿದ ಗೋಧಿಗೆ ಸಿಹಿ ಸೇರಿಸಿ ಹಂಚುತ್ತಾರೆ, ವೈನ್ ಸುರಿಯುತ್ತಾರೆ. ಹೆಣವನ್ನು ಒಂಟಿಯಾಗಿ ಬಿಡುವುದಿಲ್ಲ. ಬೆಕ್ಕೋ ಮತ್ಯಾವುದೋ ಪ್ರಾಣಿ ಅದರ ಮೇಲೆ ಹಾರಿದರೆ ಅವನು ವಾಂಪೀರ್ ಆಗುತ್ತಾನೆ. 1818ರಲ್ಲಿ ಸೆರ್ಬಿಯನ್ ಭಾಷೆಯ ನಿಘಂಟು ಮಾಡಿದ ವೂಕ್ ಕರಾಜಿಚ್ 'ವುಕೊದ್ಲಾಕ್' ಎಂಬ ಪದದ ಅಡಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಸತ್ತು ನಲವತ್ತು ದಿನದ ಮೇಲೆ ದುಷ್ಟಶಕ್ತಿ ಹೊಕ್ಕವನು ಅವನು, ಚಳಿಗಾಲದಲ್ಲಿ ಹೆಚ್ಚು ತಿರುಗುತ್ತಾನೆ. ಬರಗಾಲದ ವರ್ಷಗಳಲ್ಲಿ ಹಿಟ್ಟಿನ ಗಿರಣಿ, ಕಾಳಿನ ಕಣಜಗಳ ಸುತ್ತ ಕಾಣಿಸಿಕೊಳ್ಳುತ್ತಾನೆ. ಹಸಿವಿದ್ದಲ್ಲಿ ಹೆಣ ಏಳುತ್ತದೆ ಎಂದು ಊರಿನವರೇ ಗುರುತಿಸಿದ್ದರು ಎಂದಾಯಿತು.

ಬಗ್ಗಿದ್ದು ಯಾಕೆ

ಈಗ ಮೂಲ ಪ್ರಶ್ನೆಗೆ. ಫ್ರೊಂಬಾಲ್ಡ್ ಹೆದರಿದ್ದು ಹೆಣಕ್ಕಲ್ಲ, ಖಾಲಿ ಊರಿಗೆ. ರೈತರು ಬಂಡಾಯ ಏಳುತ್ತೇವೆ ಎನ್ನಲಿಲ್ಲ. ಕಂದಾಯ ಕಟ್ಟುವುದಿಲ್ಲ ಎನ್ನಲಿಲ್ಲ. ಹೋಗುತ್ತೇವೆ ಎಂದರು, ಅಷ್ಟೇ. ಜನವಿಲ್ಲದ ಸೀಮೆಯಲ್ಲಿ ಒಂದು ಹಳ್ಳಿ ಎದ್ದುಹೋದರೆ ಖಜಾನೆಯ ಅಧಿಕಾರಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಇವರು ಬಾಯಿಮಾತಿಗೆ ಹೇಳುತ್ತಿಲ್ಲ ಎಂದೂ ಅವನಿಗೆ ಗೊತ್ತು: ಡ್ಯಾನ್ಯೂಬಿನ ಎರಡೂ ದಡದಲ್ಲಿ ಖಾಲಿ ಹೊಲ ಬೇಕಾದಷ್ಟು, ದಕ್ಷಿಣಕ್ಕೆ ಹೋದರೆ ತುರ್ಕಿ ಗಡಿ. ಪೇಟರನ ಹೆಂಡತಿ ಆಗಲೇ ಹೊರಟುಹೋಗಿ ತೋರಿಸಿದ್ದಳು.

ಅವರ ಚಾತುರ್ಯ ಇನ್ನೊಂದು ಕಡೆ ಇದೆ. ಅಧಿಕಾರಿಯನ್ನೂ ಪೊಪನನ್ನೂ ಕರೆಯದೆ ರಾತ್ರೋರಾತ್ರಿ ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. 'ನೋಡಿ, ವಿಚಾರಿಸಿ' ಎಂದರು. ಸರ್ಕಾರದ ಮುದ್ರೆಯೂ ಬೇಕು, ಕೆಲಸವೂ ಆಗಬೇಕು. ನಾಳೆ ಹೆಣ ಕಿತ್ತವರು ಯಾರು ಎಂದು ವಿಚಾರಣೆ ಬಂದರೆ ಅಮಲ್ದಾರರೇ ಇದ್ದರಲ್ಲ ಎನ್ನಬಹುದು. ಅಮಲ್ದಾರನೂ ಅದನ್ನು ಕಂಡುಕೊಂಡೇ ಕೊನೆಯಲ್ಲಿ ಕೈತೊಳೆದುಕೊಂಡ. ಒಬ್ಬರ ತಲೆಗೆ ಒಬ್ಬರು ಕಟ್ಟುವ ಈ ಆಟದಲ್ಲಿ ಮಾತಾಡದೆ ಉಳಿದವನು ಪೊಪ ಒಬ್ಬನೇ. ಅವನು ಏನೆಂದ ಎಂದು ಒಂದು ಸಾಲೂ ಇಲ್ಲ.

ಕಾಗದ ಪ್ರಯಾಣ ಹೊರಟಿತು

ವರದಿ ಬೆಲ್‌ಗ್ರೇಡಿಗೆ ಹೋಗಿ, ಅಲ್ಲಿಂದ ವಿಯೆನ್ನಾಕ್ಕೆ ಹೋಗಿ, 1725ರ ಜುಲೈ 21ರಂದು ಅಲ್ಲಿನ ಪತ್ರಿಕೆ 'ವೀನರಿಶೆಸ್ ಡಿಯಾರಿಯುಂ'ನಲ್ಲಿ ಅಚ್ಚಾಯಿತು. ಪೊಜಾರೆವಾತ್ಸ್ ಒಪ್ಪಂದಕ್ಕೆ ಅವತ್ತಿಗೆ ಸರಿಯಾಗಿ ಏಳು ವರ್ಷ. ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ, ಆದರೂ ಹೇಳದೆ ಇರಲಾಗಲಿಲ್ಲ. ಲೈಪ್ಜಿಗ್‌ನಲ್ಲಿ ಮಿಖಾಯೆಲ್ ರಾನ್ಫ್ಟ್ ಎಂಬ ಪಂಡಿತ ಇದನ್ನೇ ಹಿಡಿದು ಸತ್ತವರು ಬದುಕಿದವರಿಗೆ ತೊಂದರೆ ಕೊಡಬಲ್ಲರೇ ಎಂದು ಲ್ಯಾಟಿನ್ನಿನಲ್ಲಿ ಪ್ರಬಂಧ ಬರೆದ.

ಆರು ವರ್ಷ ಕಳೆದು, ಪಶ್ಚಿಮ ಮೊರಾವಾ ನದಿಯ ಬದಿಯ ಮೆದ್ವೆಜಾ ಎಂಬ ಇನ್ನೊಂದು ಸೆರ್ಬ್ ಹಳ್ಳಿಯಲ್ಲಿ ಸಾವುಗಳು ಸಾಲಾದವು. 1731ರ ಡಿಸೆಂಬರಿನಲ್ಲಿ ಗ್ಲಾಸರ್ ಎಂಬ ಸಾಂಕ್ರಾಮಿಕ ರೋಗದ ವೈದ್ಯನನ್ನು ಪ್ಲೇಗ್ ಇದೆಯೇ ನೋಡಲು ಕಳಿಸಿದರು. ಪ್ಲೇಗ್ ಇರಲಿಲ್ಲ. ಹಸಿದ ಹೊಟ್ಟೆ, ಕಟ್ಟುನಿಟ್ಟಾದ ಉಪವಾಸ ಕಾರಣವಿರಬಹುದು ಎಂದುಕೊಂಡ. ರಾತ್ರಿ ಎರಡು ಮೂರು ಮನೆಯವರು ಒಂದೇ ಕಡೆ ಸೇರಿ, ಅರ್ಧ ಜನ ಮಲಗಿ ಅರ್ಧ ಜನ ಕಾವಲು ಕೂರುತ್ತಿದ್ದರು ಎಂದು ಬರೆದ. ಅಲ್ಲಿನವರೂ ಅದನ್ನೇ ಹೇಳಿದರು: ಏನಾದರೂ ಮಾಡಿ, ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತೇವೆ. ಮುಂದಿನ ಜನವರಿಯಲ್ಲಿ ದಂಡಿನ ಶಸ್ತ್ರವೈದ್ಯ ಫ್ಲೂಕಿಂಗರ್ ಬಂದು ಹೆಣಗಳನ್ನು ತೆಗೆಸಿ, ಸೀಳಿ ನೋಡಿ ಬರೆದ ವರದಿ ಯುರೋಪನ್ನೆಲ್ಲ ಸುತ್ತಿತು, 1732ರಲ್ಲೇ ಲಂಡನ್ನಿನ ಪತ್ರಿಕೆಗಳಿಗೂ ಬಂತು. ಅದರ ಗದ್ದಲದಲ್ಲಿ ಕಿಸಿಲ್ಯೆವೊ ಮರೆಗೆ ಸರಿಯಿತು.

ಬೆಲ್‌ಗ್ರೇಡ್ ಆಡಳಿತ 1739ರವರೆಗೆ ಮಾತ್ರ ಬಾಳಿತು. ಆ ವರ್ಷ ಸೀಮೆ ಮತ್ತೆ ತುರ್ಕರಿಗೆ ಹೋಯಿತು. ವಿಯೆನ್ನಾ ಮಾತ್ರ ವಾಂಪೀರನನ್ನು ಬಿಟ್ಟುಕೊಡಲಿಲ್ಲ. 1755ರಲ್ಲಿ ಸೈಲೀಸಿಯಾದ ಕಡೆಯ ಹಳ್ಳಿಯೊಂದರಲ್ಲಿ ಹೆಣ ತೆಗೆದು ಸುಟ್ಟ ಸುದ್ದಿ ಬಂದಾಗ ಮಹಾರಾಣಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ಸಲಹೆಯಂತೆ ಅಂಥದ್ದನ್ನೆಲ್ಲ ನಿಷೇಧಿಸಿದಳು. ಹೆಣ ಕೊಳೆಯದಿರುವುದಕ್ಕೆ ಸಹಜ ಕಾರಣಗಳಿವೆ ಎಂದು ಸ್ವೀಟನ್ ಬರೆದ. ಆ ವಿವರಣೆ ಕಿಸಿಲ್ಯೆವೊ ತಲುಪುವಂತಿರಲಿಲ್ಲ. ಊರು ಆಗ ಬೇರೆ ದೇಶದಲ್ಲಿತ್ತು.

ಗೂಟದ ನೆನಪು ಮಾತ್ರ ಆ ಸೀಮೆಯಿಂದ ಪೂರ್ತಿ ಹೋಗಿಲ್ಲ. ಸೆರ್ಬಿಯಾದ ಅಧ್ಯಕ್ಷನಾಗಿದ್ದ ಸ್ಲೊಬೊದಾನ್ ಮಿಲೊಶೆವಿಚ್ ಪೊಜಾರೆವಾತ್ಸ್‌ನವನು. 2006ರಲ್ಲಿ ಸತ್ತಾಗ ಅಲ್ಲಿನ ತನ್ನ ಮನೆಯ ಅಂಗಳದಲ್ಲೇ ಮಣ್ಣಾದ. ಮರುವರ್ಷ ಒಬ್ಬ ಆ ಸಮಾಧಿಗೆ ಮುಳ್ಳುಮರದ ಗೂಟ ಹೊಡೆದು ಬಂದ. ಅವನು ಮಾಡಿದ್ದು ರಾಜಕೀಯ. ಆದರೂ ಯಾವ ಗೂಟ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗಿನ ಊರು

2002ರ ಜನಗಣತಿಯಲ್ಲಿ ಕಿಸಿಲ್ಯೆವೊದಲ್ಲಿ 718 ಜನ. ಬ್ರಾನಿಚೆವೊ ಜಿಲ್ಲೆಯ ಹಳ್ಳಿಗಳನ್ನು ಖಾಲಿ ಮಾಡಿದ್ದು ವಾಂಪೀರ್ ಅಲ್ಲ, ಕೂಲಿ. 1960ರ ದಶಕದ ಕೊನೆಯಿಂದ ಯುಗೊಸ್ಲಾವಿಯಾದ ಕೆಲಸಗಾರರಿಗೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್ ಬಾಗಿಲು ತೆರೆದಾಗ ಈ ಜಿಲ್ಲೆಯಿಂದ ಹೋದಷ್ಟು ಜನ ಸೆರ್ಬಿಯಾದ ಕೆಲವೇ ಕಡೆಗಳಿಂದ ಹೋಗಿರಬೇಕು. ಅವರಿಗೆ 'ಗಾಸ್ತಾರ್‌ಬೈತೆರ್' ಎಂದು ಹೆಸರು, 'ಅತಿಥಿ ಕೆಲಸಗಾರ' ಎಂಬ ಜರ್ಮನ್ ಮಾತು ಸೆರ್ಬರ ಬಾಯಲ್ಲಿ ಹಾಗಾಗಿದೆ. ವಿಯೆನ್ನಾದಲ್ಲಿ ಇಟ್ಟಿಗೆ ಹೊತ್ತು, ನೆಲ ಒರೆಸಿ ಕೂಡಿಟ್ಟ ಹಣದಲ್ಲಿ ಊರಿನಲ್ಲಿ ಎರಡು ಮೂರು ಅಂತಸ್ತಿನ ಮನೆ ಕಟ್ಟಿಸಿದರು. ಕಿಟಕಿಯ ಪರದೆ ವರ್ಷದ ಬಹುಪಾಲು ಇಳಿದೇ ಇರುತ್ತದೆ. ಬೇಸಿಗೆಯಲ್ಲಿ ಬರುತ್ತಾರೆ, ಮದುವೆ ಮಾಡುತ್ತಾರೆ, ಹೋಗುತ್ತಾರೆ. ಮನೆಮಾರು ಬಿಟ್ಟು ಹೋಗುತ್ತೇವೆ ಎಂದು 1725ರಲ್ಲಿ ಹೇಳಿ ಹೋಗದೆ ಉಳಿದಿದ್ದರಲ್ಲ, ಆ ಸೀಮೆಯವರು.

ಸತ್ತವರಿಗೆ ಮಾತ್ರ ಏನೂ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಈ ಜಿಲ್ಲೆಯ ಕೆಲವು ಹಳ್ಳಿಗಳ ಸ್ಮಶಾನದಲ್ಲಿ ಸಮಾಧಿಯ ಮೇಲೆ ನಿಜವಾದ ಮನೆಗಳೇ ಇವೆ: ಅಮೃತಶಿಲೆಯ ಗೋಡೆ, ಬಾಗಿಲಿಗೆ ಬೀಗ, ಒಳಗೆ ಮೇಜು, ಕುರ್ಚಿ, ಬಂದವರಿಗೆ ಕುಡಿಯಲು ಲೋಟ. ಸತ್ತವನು ಯಾವುದನ್ನು ಕೇಳಿಕೊಂಡೂ ಮನೆಗೆ ಬರಬೇಕಾಗಿಲ್ಲ.